ಗೋಡೆ ಮೇಲಿನ ಹೆಸರು

ಇವತ್ತು ಬೆಳಿಗ್ಗೆ ನೆರೂಳಿನಲ್ಲಿ ಒಂದು ಗೋಡೆಯ ಮುಂದೆ ನಿಂತುಬಿಟ್ಟೆ. ಗೋಡೆ ತುಂಬ ಗುಲಾಬಿ ಫ್ಲೆಮಿಂಗೊಗಳ ಚಿತ್ರ. ಒಂದರ ರೆಕ್ಕೆಯ ಮೇಲೆ ಯಾರೋ ಕೀಲಿಕೈಯಿಂದ ಕೆರೆದು ಎರಡು ಹೆಸರು ಬರೆದಿದ್ದಾರೆ, ನಡುವೆ ಒಂದು ಹೃದಯ. ಉದುರಿದ ಬಣ್ಣದ ಪುಡಿ ಇನ್ನೂ ಕೆಳಗೇ ಬಿದ್ದಿತ್ತು.

ಮೊದಲು ಸಿಟ್ಟು ಬಂತು. ಆಮೇಲೆ ಠಾಣೆಯ ಕಾಡಿನ ಆಚೆ ಬದಿಯ ಕಾನ್ಹೇರಿ ಗುಹೆಗಳು ನೆನಪಾದವು. ಅಲ್ಲಿ ದಾನ ಕೊಟ್ಟ ಕಲ್ಯಾಣದ ವರ್ತಕರ ಹೆಸರು ಬ್ರಾಹ್ಮಿ ಲಿಪಿಯಲ್ಲಿದೆ. ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಹೆಸರೂ ಇದೆ. ಕ್ರಿ.ಶ. 1009 ಮತ್ತು 1021ರಲ್ಲಿ ಗುಹೆ ನೋಡಲು ಬಂದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರು, ಬಂದ ದಿನ ಎರಡನ್ನೂ ಕೊರೆದು ಹೋಗಿದ್ದಾರೆ. ಇವತ್ತು ಅದು ಚರಿತ್ರೆ!

ಇಲ್ಲಿಗೆ ಬಂದಿದ್ದೆ ಅಂತ ಹೇಳಿಕೊಳ್ಳುವ ಆಸೆ ಸಾವಿರ ವರ್ಷದಿಂದ ಒಂದೇ. ಆಸೆ ತಪ್ಪಲ್ಲ. ಆದರೆ ಇನ್ನೊಬ್ಬರು ಬಿಸಿಲಲ್ಲಿ ನಿಂತು ಬಿಡಿಸಿದ ಚಿತ್ರದ ಮೇಲೆ, ಹಳೆಯ ಕಲ್ಲಿನ ಮೇಲೆ ಖಂಡಿತ ಬೇಡ. ಡೊಂಬಿವಲಿ, ಕಲ್ಯಾಣದಲ್ಲಿ ಹುಡುಗರು ಮನಸಾರೆ ಬರೆಯಲೆಂದೇ ಒಂದೊಂದು ಗೋಡೆ ಬಿಟ್ಟುಕೊಟ್ಟರೆ ಚೆನ್ನಾಗಿರುತ್ತೆ. ನೀವೇನಂತೀರಿ?