ಅಠಾರಾ ಕಚೇರಿ

“ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ” ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಹಿರಿಯರು ಆಡುವುದುಂಟು. ಆದಕಾರಣ ನ್ಯಾಯಾಲಯವೆಂದೊಡನೆ ನಮ್ಮ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಗೌರವಕ್ಕಿಂತ ಮೊದಲು ಭಯವೇ ಮೂಡುವುದು. ಆ ಭಯವು ನಿರಾಧಾರವೆಂದು ನಾವು ಹೇಳಲಾರೆವು. ವರ್ಷಗಟ್ಟಲೆ ನಡೆದ ವ್ಯಾಜ್ಯಗಳಿಂದ ಬಡವಾದ ಸಂಸಾರಗಳನ್ನು ಕಾಣದವರಾರು? ಆದರೂ ನಮ್ಮ ನಗರದ ಅಠಾರಾ ಕಚೇರಿಯ ಚರಿತ್ರೆಯನ್ನು ತಿಳಿದವರು ಈ ಗಾದೆಯ ಜೊತೆಗೆ ಇನ್ನೊಂದು ಮಾತನ್ನೂ ನೆನಪಿನಲ್ಲಿಡಬೇಕಾಗುವುದು.

ನಮ್ಮ ರಾಜಾಜಿನಗರ, ವಿಜಯನಗರಗಳು ಹುಟ್ಟುವುದಕ್ಕೆ ಬಹು ಮುಂಚಿನ ಮಾತಿದು. 1831ರಲ್ಲಿ ಮೈಸೂರು ಸೀಮೆಯ ಆಡಳಿತವು ಬ್ರಿಟಿಷ್ ಕಮಿಷನರರ ಕೈಸೇರಿದ ಮೇಲೆ, ಸರ್ಕಾರದ ಕಚೇರಿಗಳು ಕೋಟೆಯ ಬಳಿಯ ಟಿಪ್ಪುವಿನ ಮರದ ಅರಮನೆಯಲ್ಲಿ ನಡೆಯುತ್ತಿದ್ದವು. ಕೆಲಸ ಬೆಳೆಯಿತು, ಸ್ಥಳ ಸಾಲದಾಯಿತು. ಬೌರಿಂಗ್ ಸಾಹೇಬರು ಕಮಿಷನರರಾಗಿದ್ದಾಗ ಹೊಸ ಕಟ್ಟಡದ ಕೆಲಸವು 1864ರಲ್ಲಿ ಮೊದಲಾಗಿ 1868ರಲ್ಲಿ ಮುಗಿಯಿತು. ಹದಿನೆಂಟು ಇಲಾಖೆಗಳು ಅಲ್ಲಿಗೆ ಬಂದುದರಿಂದ ಜನರು ಹಿಂದೂಸ್ತಾನಿಯಲ್ಲಿ ಹದಿನೆಂಟನ್ನು ಸೂಚಿಸುವ ‘ಅಠಾರಾ’ ಎಂಬ ಹೆಸರಿನಿಂದಲೇ ಅದನ್ನು ಕರೆದರು. ನಕ್ಷೆಯನ್ನು ರಚಿಸಿದವರು ಮುಖ್ಯ ಇಂಜಿನಿಯರ್ ಸ್ಯಾಂಕಿಯವರು. ಸ್ಯಾಂಕಿ ಕೆರೆಗೆ ಇವರದೇ ಹೆಸರು. ಕಟ್ಟಿಸಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಈ ಮಹನೀಯರು 1873ರಲ್ಲಿ ಬಡಮಕ್ಕಳಿಗಾಗಿ ಪಾಠಶಾಲೆಯನ್ನೂ ತೆರೆದರೆಂಬುದನ್ನು ವಿದ್ಯಾರ್ಥಿನಿಯರು ಮರೆಯಬಾರದು.

ವಿಜಯನಗರದಲ್ಲಿ ಮೆಟ್ರೋ ಹತ್ತಿ ವಿಧಾನಸೌಧದ ನಿಲ್ದಾಣದಲ್ಲಿ ಇಳಿದರೆ ಈ ಮಂದಿರವು ಕಣ್ಣಿಗೆ ಬೀಳುವುದು. ಕಬ್ಬನ್ ಪಾರ್ಕಿನ ಹಸುರಿನ ಅಂಚಿನಲ್ಲಿ, ಎರಡು ಅಂತಸ್ತುಗಳಲ್ಲಿ ಹಬ್ಬಿದ ಕಲ್ಲು ಇಟ್ಟಿಗೆಗಳ ಕೆಂಪು ಕಟ್ಟಡವಿದು. ಇದರ ಶೈಲಿಯು ಗ್ರೀಸ್ ಮತ್ತು ರೋಮ್ ದೇಶಗಳದು; ಕಂಬಗಳ ತಲೆಯಲ್ಲಿ ಟಗರಿನ ಕೊಂಬಿನಂತೆ ಸುತ್ತಿಕೊಂಡ ಸುರುಳಿಗಳಿವೆ. ಉದ್ದವಾದ ಮೊಗಸಾಲೆಗಳು ಬಿಸಿಲನ್ನು ತಡೆದು ಒಳಗಿನ ಕೊಠಡಿಗಳಿಗೆ ನೆರಳನ್ನೀಯುವವು. ರಸ್ತೆಯ ಆಚೆಗೆ 1956ರಲ್ಲಿ ಪೂರ್ಣವಾದ ವಿಧಾನಸೌಧವು ಬೂದುಗಲ್ಲಿನ ದ್ರಾವಿಡ ಶೈಲಿಯಲ್ಲಿ ನಿಂತಿದೆ. ಒಂದು ಪರದೇಶದ ಮಾದರಿ, ಇನ್ನೊಂದು ಸ್ವದೇಶದ್ದು. ನಡುವಿನ ಅಂತರ ಒಂದು ಬೀದಿ ಮತ್ತು 88 ವರ್ಷ.

ಮೈಸೂರಿನ ಚೀಫ್ ಕೋರ್ಟು 1884ರಲ್ಲಿ ಸ್ಥಾಪಿತವಾಗಿ, 1930ರಲ್ಲಿ ಹೈಕೋರ್ಟೆಂಬ ಹೆಸರನ್ನು ಪಡೆಯಿತು. ಸರ್ಕಾರದ ಕಚೇರಿಗಳು ವಿಧಾನಸೌಧಕ್ಕೆ ಸಾಗಿದ ಮೇಲೆ ಕೆಂಪು ಮಂದಿರವು ನ್ಯಾಯದೇವತೆಯ ಪಾಲಿಗೆ ಉಳಿಯಿತು. ಹೀಗಿರಲು 1980ರ ದಶಕದ ಆದಿಯಲ್ಲಿ ಅದನ್ನು ಕೆಡಹಬೇಕೆಂಬ ನಿರ್ಣಯವಾಯಿತು. ನಗರದ ಕೆಲವರು ಸುಮ್ಮನಿರದೆ ಸಾರ್ವಜನಿಕ ಹಿತಕ್ಕಾಗಿ ಅರ್ಜಿ ಹಾಕಿದರು. ಆ ವಾದವು ಅದೇ ಕಟ್ಟಡದೊಳಗೆ ನಡೆಯಿತು! ಗೋಡೆಗಳು ತಮ್ಮ ಅಳಿವು ಉಳಿವಿನ ಮಾತನ್ನು ತಾವೇ ಕೇಳಿದವೆನ್ನೋಣವೇ? ಅರ್ಜಿದಾರರಿಗೆ ಅದರಿಂದ ಹೊಲವಾಗಲಿ ಹಣವಾಗಲಿ ದೊರೆಯುವಂತಿರಲಿಲ್ಲ. ಆದರೂ ಕೂಗು ಎದ್ದಿತು, ಕಟ್ಟಡವು ಉಳಿಯಿತು.

ಗಾದೆಯು ಹೇಳದ ಮಾತು ಇದೇ: ತನಗಾಗಿ ಜಗಳವಾಡುವವರಿಗೆ ಮಾತ್ರವಲ್ಲ, ಬಾಯಿಲ್ಲದವರ ಪರವಾಗಿ ನುಡಿಯುವವರಿಗೂ ನ್ಯಾಯಾಲಯದ ಬಾಗಿಲು ತೆರೆದಿದೆ. ಒಂದು ಕಾಲದಲ್ಲಿ ಸ್ತ್ರೀಯರಿಗೆ ಆ ಬಾಗಿಲಲ್ಲಿ ವಕೀಲಿಯ ಹಕ್ಕೇ ಇರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಅದಕ್ಕೆ 1923ರ ಕಾಯಿದೆ ಬರಬೇಕಾಯಿತು. ಇದೇ ಹೈಕೋರ್ಟಿನಲ್ಲಿ 2000ದಲ್ಲಿ ಮಂಜುಳಾ ಚೆಲ್ಲೂರ್ ಅವರೂ, 2008ರಲ್ಲಿ ಬಿ. ವಿ. ನಾಗರತ್ನ ಅವರೂ ನ್ಯಾಯಪೀಠವನ್ನೇರಿದರು. ನಾಗರತ್ನ ಅವರು 2021ರಲ್ಲಿ ಸುಪ್ರೀಂ ಕೋರ್ಟನ್ನು ಸೇರಿದರು.

ಪ್ರಿಯ ಸೋದರಿಯರೇ, ವ್ಯಾಜ್ಯವನ್ನು ಬಯಸಬೇಡಿರಿ. ಆದರೆ ನ್ಯಾಯಾಲಯದ ಮೆಟ್ಟಿಲಿಗೆ ಹೆದರಲೂ ಬೇಡಿರಿ. ನಮ್ಮ ಬಡಾವಣೆಯ ಕೆರೆಗೋ ಮರಕ್ಕೋ ನೆರೆಮನೆಯ ಅಬಲೆಗೋ ಆಪತ್ತು ಬಂದ ದಿನ, ಆ ಮೆಟ್ಟಿಲನ್ನು ಧೈರ್ಯವಾಗಿ ಹತ್ತುವವರು ನಿಮ್ಮೊಳಗಿಂದಲೇ ಹೊರಡಲೆಂದು ಹಾರೈಸುತ್ತೇವೆ.