ಹೆಸರಿಲ್ಲದ ತಟ್ಟೆ

ಗಾಜಿನ ತಟ್ಟೆಗೂ ಕುಲಗೋತ್ರವಿರುತ್ತದೆಂದು ನನಗೆ ಕಲಿಸಿದವಳು ನನ್ನ ಅಕ್ಕ. ಬಸ್ತಿಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಪೆನ್ಸಿಲ್ವೇನಿಯಾ ಸೇರಿದವಳು. ರಜೆಯ ದಿನ ಅಲ್ಲಿಯ ಹಳೇ ಸಾಮಾನಿನ ಸಂತೆ ಸುತ್ತಿ ಗುಲಾಬಿ ಬಣ್ಣದ ತಟ್ಟೆ, ಬಟ್ಟಲುಗಳನ್ನು ಕೂಡಿಡುವುದು ಅವಳ ಹುಚ್ಚು.

1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದ ಮೇಲಿನ ಕಷ್ಟಕಾಲದ ಗಾಜು ಅದು. ಯಂತ್ರದಲ್ಲಿ ಅಚ್ಚೊತ್ತಿದ್ದು, ಬಲು ಅಗ್ಗ. ಓಟ್ಸ್ ಡಬ್ಬಿಯೊಳಗೆ ಪುಕ್ಕಟೆ ಇಡುತ್ತಿದ್ದರಂತೆ. ಸಿನಿಮಾ ನೋಡಲು ಬಂದವರಿಗೂ ಕೊಡುತ್ತಿದ್ದರಂತೆ. ನಮ್ಮಲ್ಲಿ ಸೋಪಿನ ಪುಡಿಯ ಜೊತೆ ಬಕೆಟ್ ಕೊಡುವುದಿಲ್ಲವೆ, ಹಾಗೆ. ಆ ಪುಕ್ಕಟೆ ತಟ್ಟೆಗಳನ್ನೇ ಮುಂದೆ ಜನ ಹುಡುಕಿ ಕೊಳ್ಳತೊಡಗಿದರು. 1970ರಲ್ಲಿ ಹೇಜಲ್ ವೆದರ್‌ಮನ್ ಎಂಬುವರು ಅವುಗಳ ಬಗ್ಗೆ ಪುಸ್ತಕವನ್ನೇ ತಂದರು.

ಬಹುಪಾಲು ತಟ್ಟೆಗಳ ಬೆನ್ನಲ್ಲಿ ಮಾಡಿದವರ ಹೆಸರಿರುವುದಿಲ್ಲ. ಹೂವು, ಎಲೆ, ಅಂಚಿನ ಗೆರೆ ನೋಡಿಯೇ ಗುರುತು ಹಿಡಿಯಬೇಕು. ಜನೆಟ್ ಊರಿನ ಕಾರ್ಖಾನೆ 1930ರಿಂದ 1939ರವರೆಗೆ ಮಾಡಿದ 'ಚೆರಿ ಬ್ಲಾಸಂ' ವಿನ್ಯಾಸಕ್ಕೆ 1973ರಿಂದ ನಕಲುಗಳು ಬಂದವು. ಅಸಲಿನ ಎಲೆಯಲ್ಲಿ ನರಗಳು ನಿಜವಾದ ಎಲೆಯಂತಿವೆ, ಅಂಚು ಗರಗಸದಂತಿದೆ. ಎಷ್ಟೋ ನಕಲುಗಳಲ್ಲಿ ಅದೇ ಎಲೆ ಒರಟು. ಅಕ್ಕ ಕಣ್ಣಿಗಿಂತ ಬೆರಳನ್ನೇ ನಂಬುತ್ತಾಳೆ.

ಅವಳ ಈ ತಾಳ್ಮೆ ನಮ್ಮೂರಿನದೇ ಇರಬೇಕು. 1133ರಲ್ಲಿ ಬೊಪ್ಪ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ನುಣುಪು ಕಂಬಗಳ ಮುಂದೆ ಗಂಟೆಗಟ್ಟಲೆ ನಿಂತು, ತನ್ನ ಮುಖ ಎಲ್ಲಿ ಹೇಗೆ ಕಾಣುತ್ತದೆಂದು ನೋಡುತ್ತಿದ್ದ ಹುಡುಗಿ ಅವಳು.

ಭಾವ ತೀರಿಕೊಂಡ ಮೇಲೆ ಊರಿಗೆ ಬಂದಾಗ ಒಂದು ತಟ್ಟೆಯನ್ನು ಸೀರೆಯಲ್ಲಿ ಸುತ್ತಿ ತಂದಳು. ಅಮ್ಮ ಅದನ್ನು ಮಗುಚಿ ನೋಡಿ, "ಹೆಸರೇ ಇಲ್ಲವಲ್ಲೇ, ಯಾರು ಕೊಟ್ಟದ್ದು?" ಎಂದಳು. ಅಮ್ಮನ ಲೆಕ್ಕದಲ್ಲಿ ಪಾತ್ರೆಯೆಂದರೆ ಹೆಸರು. ಅವಳ ಹಿತ್ತಾಳೆ ಕೊಡದ ಮೇಲೆ ತಾತನ ಹೆಸರಿದೆ, ಮದುವೆಯ ತಾರೀಕಿದೆ.

"ಯಾರೋ ಉಂಡ ತಟ್ಟೆ ಅಮ್ಮಾ. ಮಕ್ಕಳಿಗೆ ಇವು ಯಾವುವೂ ಬೇಡವಂತೆ. ನನ್ನ ಕಾಲವಾದ ಮೇಲೆ ಮತ್ತೆ ಸಂತೆಗೇ ಹೋಗುತ್ತವೆ" ಎಂದಳು ಅಕ್ಕ. ದನಿ ಸಣ್ಣಗಾಗಿತ್ತು.

ಅಮ್ಮ ಏನೂ ಹೇಳಲಿಲ್ಲ. ಗಾಜಿನ ಮೇಲೆ ಹೆಸರು ಹಾಕಿಸಲು ಪಾತ್ರೆ ಅಂಗಡಿಯವನಿಂದ ಆಗುವುದಿಲ್ಲವಲ್ಲ. ಒಂದು ಚೀಟಿಯ ಮೇಲೆ ಅಕ್ಕನ ಹೆಸರು, ಅವಳು ಬಂದ ತಾರೀಕು ಬರೆದು ತಟ್ಟೆಯ ಬೆನ್ನಿಗೆ ಅಂಟಿಸಿದಳು. ಈಗ ನಮ್ಮ ಬೀರುವಿನಲ್ಲಿ ಅದು ತಾತನ ಕೊಡದ ಪಕ್ಕದಲ್ಲೇ ಇದೆ.