ಅಂಶವೂ ಛೇದವೂ

ವಾರ್ಷಿಕ ವರದಿ ಓದುವುದು ಹವ್ಯಾಸ ಎಂದರೆ ಕೇಳಿದವರು ಒಳಗೊಳಗೇ ನಗುತ್ತಾರೆ. ದುಡ್ಡಿನಾಸೆಗೆ ಇಟ್ಟುಕೊಂಡ ಮರ್ಯಾದಸ್ಥ ಹೆಸರು ಅದು ಎಂಬುದು ಅವರ ಲೆಕ್ಕ. ಆದರೆ ಒಂದು ಷೇರನ್ನೂ ಕೊಳ್ಳದೆ, ಪೆನ್ಸಿಲು ಹಿಡಿದು ಪಿ/ಇ ಅನುಪಾತದ ಬೆನ್ನು ಹತ್ತುವುದರಲ್ಲೇ ಒಂದು ಸೊಗಸಿದೆ. ಷೇರಿನ ಬೆಲೆ ಅಂಶ, ಅದರ ವರ್ಷದ ಗಳಿಕೆ ಛೇದ. ತೆಂಗಿನ ತೋಟ ಕೊಳ್ಳುವವನು ಎಷ್ಟು ವರ್ಷದ ಫಸಲಿನ ಹಣ ಕೊಡುತ್ತಿದ್ದೇನೆಂದು ಎಣಿಸಿದ ಹಾಗೆ. ಈ ಆಟಕ್ಕೆ ಕರೆಂಟ್ ಕಂಪನಿಯಷ್ಟು ರುಚಿಯಾದ ಕಣ ಬೇರೆ ಇಲ್ಲ. ಚೆನ್ನೈನಲ್ಲಿ ನೋಂದಾಯಿತ ಕಚೇರಿ ಇರುವ ಎನ್‌ಎಲ್‌ಸಿ ಇಂಡಿಯಾವನ್ನೇ ನೋಡಿ. 1956ರಲ್ಲಿ ನೈವೇಲಿ ಲಿಗ್ನೈಟ್ ಕಾರ್ಪೊರೇಷನ್ ಆಗಿ ಹುಟ್ಟಿದ ಕೇಂದ್ರ ಸರ್ಕಾರದ ಸಂಸ್ಥೆ ಇದು. ಅದರ ನೈವೇಲಿ ಸ್ಥಾವರಗಳ ಕರೆಂಟಿನಲ್ಲಿ ಕರ್ನಾಟಕಕ್ಕೂ ಪಾಲುಂಟು.

ಇಂಥ ಕಂಪನಿಯ ಪಿ/ಇ ಕಡಿಮೆ ಇದ್ದ ಮಾತ್ರಕ್ಕೆ ಷೇರು ಅಗ್ಗವಲ್ಲ ಎಂಬುದು ನನ್ನ ವಾದ. ಸೋಪಿನ ಕಂಪನಿ ತನ್ನ ಸೋಪಿನ ಬೆಲೆಯನ್ನು ತಾನೇ ಹೇಳುತ್ತದೆ. ಕೇಂದ್ರದ ಉಷ್ಣ ಸ್ಥಾವರಗಳ ದರಕ್ಕಾದರೋ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಐದೈದು ವರ್ಷಕ್ಕೊಮ್ಮೆ ನಿಯಮ ಬರೆಯುತ್ತದೆ. ಯೋಜನೆಯ ವೆಚ್ಚದಲ್ಲಿ ಸಾಮಾನ್ಯವಾಗಿ 70 ಪಾಲು ಸಾಲ, 30 ಪಾಲು ಸ್ವಂತ ಬಂಡವಾಳ ಎಂದು ಹಿಡಿದು, ಆ ಬಂಡವಾಳಕ್ಕೆ ತೆರಿಗೆ ಕಳೆದು ಶೇ 15.5ರ ಪ್ರತಿಫಲ ಕೊಡುತ್ತದೆ. 2009ರಿಂದ ಈ ಅಂಕಿ ಕದಲಿಲ್ಲ. ಈಗ ಪೆನ್ಸಿಲಿಗೆ ಕೆಲಸ. ನೂರು ರೂಪಾಯಿಯ ಯೋಜನೆಯಲ್ಲಿ ಷೇರುದಾರರ ಹಣ 30 ರೂಪಾಯಿ, ಅದರ ಗಳಿಕೆ 4 ರೂಪಾಯಿ 65 ಪೈಸೆ. ಷೇರು ಪುಸ್ತಕ ಮೌಲ್ಯಕ್ಕೇ, ಅಂದರೆ ಆ 30 ರೂಪಾಯಿಗೇ, ಬಿಕರಿಯಾದರೆ ಪಿ/ಇ ಸುಮಾರು ಆರೂವರೆ. ಅದರ ಎರಡು ಪಟ್ಟಿಗೆ ಬಿಕರಿಯಾದರೆ ಸುಮಾರು ಹದಿಮೂರು. ಆರೂವರೆಯನ್ನು ಕಂಡು ‘ಲಾಟರಿ ಹೊಡೆಯಿತು’ ಎಂದು ಕುಣಿಯುವವನಿಗೆ ಮಾರುಕಟ್ಟೆ ಹೇಳುತ್ತಿರುವುದು ಇಷ್ಟೇ: ನೀನು ಹಾಕಿದ ರೂಪಾಯಿಗೆ ಒಂದೇ ರೂಪಾಯಿ ಬೆಲೆ.

ಗಳಿಕೆಯೂ ಸೋಸಿದ ನೀರಲ್ಲ. ದರದ ಅವಧಿ ಮುಗಿದ ಮೇಲೆ ಆಯೋಗ ಲೆಕ್ಕ ಸರಿಹೊಂದಿಸಿದಾಗ ಹಿಂದಿನ ವರ್ಷಗಳ ಬಾಕಿ ಒಂದೇ ವರ್ಷದ ಲಾಭಕ್ಕೆ ಬಂದು ಬೀಳಬಹುದು. ಮುಂದೆ ವಸೂಲಾಗಬೇಕಾದ ಹಣ ನಿಯಂತ್ರಣ ಸಂಬಂಧಿ ಮುಂದೂಡಿಕೆ ಖಾತೆಯಲ್ಲಿ ಕೂತು ಲಾಭವನ್ನು ಏರಿಳಿಸಬಹುದು. ಎಸ್ಕಾಂಗಳು ತಡವಾಗಿ ಕೊಟ್ಟ ಹಣದ ಮೇಲಿನ ದಂಡವೂ ಆದಾಯವೇ. ಇಂಥ ಬಾಕಿಯನ್ನು 48ರವರೆಗೆ ಮಾಸಿಕ ಕಂತುಗಳಲ್ಲಿ ತೀರಿಸಲು 2022ರ ಕೇಂದ್ರ ನಿಯಮ ದಾರಿ ಮಾಡಿತು. ಬಾಕಿ ಕರಗಿದಂತೆ ದಂಡದ ಆದಾಯವೂ ಕರಗಬೇಕು. ಅಂಶವೂ ಅಷ್ಟೇನೂ ಶುದ್ಧವಲ್ಲ. 2013ರಲ್ಲಿ ಕೇಂದ್ರ ಎನ್‌ಎಲ್‌ಸಿಯ ಶೇ 3.56ರಷ್ಟು ಷೇರನ್ನು ತಮಿಳುನಾಡಿನ ಸರ್ಕಾರಿ ಸಂಸ್ಥೆಗಳಿಗೇ ಮಾರಿದ ಮೇಲೂ ಅದರ ಕೈಯಲ್ಲಿ ಶೇ 90 ಉಳಿದಿತ್ತು. ಕೈ ಬದಲಾಯಿಸುವ ಷೇರು ಕಡಿಮೆ ಇದ್ದಾಗ ಸಣ್ಣ ಖರೀದಿಯೂ ಬೆಲೆಯನ್ನು ಕುಣಿಸುತ್ತದೆ.

ಖಾತ್ರಿಯಾದ ಲಾಭಕ್ಕೆ ಹೆಚ್ಚು ಬೆಲೆ ಕೊಡುವುದೇ ನ್ಯಾಯವಲ್ಲವೇ ಎಂದು ಕೇಳಬಹುದು. ಆ ಖಾತ್ರಿಗೆ ಎರಡು ಷರತ್ತುಗಳಿವೆ: ಸ್ಥಾವರ ನಿಗದಿತ ಮಟ್ಟದಲ್ಲಿ ಸಿದ್ಧವಿರಬೇಕು, ಸ್ಥಾವರಕ್ಕೆ ಆಯಸ್ಸೂ ಇರಬೇಕು. 1962ರಲ್ಲಿ ಉರಿಯಲಾರಂಭಿಸಿದ ನೈವೇಲಿಯ 600 ಮೆಗಾವಾಟ್‌ನ ಮೊದಲ ಸ್ಥಾವರ 2020ರಲ್ಲಿ ನಿವೃತ್ತವಾಯಿತು. ಲಾಭ ಬೆಳೆಯಬೇಕೆಂದರೆ ಹೊಸ ಬಂಡವಾಳ ಸುರಿಯಬೇಕು. ಹರಾಜಿನಲ್ಲಿ ದರ ನಿಗದಿಯಾಗುವ ಸೌರ ಯೋಜನೆಗೆ 15.5ರ ಆಸರೆಯೂ ಇಲ್ಲ. ಇದೆಲ್ಲ ಮಾರುಕಟ್ಟೆಗೆ ಗೊತ್ತೇ ಇದೆ ಎಂದು ಇನ್ನೊಬ್ಬರು ಹೇಳಬಹುದು. ಗೊತ್ತಿರಲಿ; ಮಾರುಕಟ್ಟೆಗೆ ಗೊತ್ತಿರುವುದು ನಮಗೆ ಗೊತ್ತಾಗುವುದು ಲೆಕ್ಕ ಹಾಕಿದಾಗಲೇ. ಹಾಗಿದ್ದರೆ ಪಿ/ಇ ಬಿಟ್ಟು ಪುಸ್ತಕ ಮೌಲ್ಯವನ್ನಷ್ಟೇ ನೋಡಿದರಾಗದೇ? ಆಗದು. ಬಂಡವಾಳ ಎಷ್ಟಿದೆ ಎಂದು ಅದು ಹೇಳೀತೇ ಹೊರತು, ಅದು ದುಡಿಯುತ್ತಿದೆಯೋ ಮಲಗಿದೆಯೋ ಎಂದು ಹೇಳದು. ಅದಕ್ಕೆ ಗಳಿಕೆಯನ್ನೇ ಕೇಳಬೇಕು.

ಆದ್ದರಿಂದ ವಾಣಿಜ್ಯ ಪುಟದಲ್ಲಿ ಅಚ್ಚಾದ ಪಿ/ಇಯನ್ನು ಉತ್ತರವೆಂದು ನುಂಗಬೇಡಿ, ಪ್ರಶ್ನೆಯೆಂದು ಓದಿ. ವಾರ್ಷಿಕ ವರದಿ ಕಂಪನಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕೆಲವು ವರ್ಷಗಳ ಗಳಿಕೆಯನ್ನು ಪಕ್ಕಪಕ್ಕ ಬರೆದುಕೊಂಡು, ಒಂದೇ ಸಲದ ಆದಾಯವನ್ನು ಹೊಡೆದುಹಾಕಿ, ನೀವೇ ಒಮ್ಮೆ ಭಾಗಿಸಿ ನೋಡಿ.